ಏಳೂ ನಲವತ್ತರ ಸಾಲು

ನನಗೆ ರಸ್ತೆ ದಾಟುವುದೆಂದರೆ ಭಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸತ್ಯಭಾಮಾ ಟೀಚರ್ ಬಗ್ಗೆ ಬರೆಯಲು ಕೂತವನು ತನ್ನ ಪುಕ್ಕಲುತನವನ್ನು ಮುಚ್ಚಿಟ್ಟುಕೊಂಡರೆ ಮುಂದೆ ಬರೆಯುವುದೆಲ್ಲ ಸುಳ್ಳಾಗುತ್ತದೆ.

ನಾನು ಯಜ್ಞನಾರಾಯಣ. ಶಿವಮೊಗ್ಗದ ಗೋಪಾಳದಲ್ಲಿ ಒಂದು ಗಣಪತಿ ಗುಡಿಯ ಅರ್ಚಕ. ಹೊಸ ಗಾಡಿ ಕೊಂಡವರು ಮನೆಗೆ ಹೋಗುವ ಮೊದಲು ನನ್ನ ಹತ್ತಿರ ಬರುತ್ತಾರೆ. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಹರಿಸಿ, ಮುಂದೆ ತೆಂಗಿನಕಾಯಿ ಒಡೆದು, ಕಪ್ಪು ದಾರದಲ್ಲಿ ಇನ್ನೊಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ಕಳಿಸುತ್ತೇನೆ. ಮೂರು ಸುತ್ತು ಸುತ್ತಿ ತುದಿಯನ್ನು ಒಳಕ್ಕೆ ತೂರಿಸುವ ಆ ಗಂಟು ನನ್ನ ಅಪ್ಪ ಹೇಳಿಕೊಟ್ಟದ್ದು, ಎಂಥ ಮಳೆಗೂ ಬಿಚ್ಚುವುದಿಲ್ಲ. ಮೂವತ್ತು ವರ್ಷದಲ್ಲಿ ಎಷ್ಟು ಕಾರು, ಎಷ್ಟು ಟಿಪ್ಪರ್ ಹರಸಿದೆನೋ ಗೊತ್ತಿಲ್ಲ. ಬೆಳಗಾದರೆ ಅವೇ ಗಾಡಿಗಳು ನನ್ನ ಮೇಲೆ ನುಗ್ಗಿ ಬರುತ್ತಿದ್ದವು. ತಾನೇ ಆರತಿ ಎತ್ತಿದ ಗಾಡಿಗೆ ತಾನೇ ಹೆದರಿ ಓಡುವ ಭಟ್ಟನನ್ನು ನೋಡಿ ಜನ ನಗದೆ ಇನ್ನೇನು ಮಾಡುತ್ತಾರೆ.

ನಮ್ಮ ಮನೆ ಭದ್ರಾವತಿ ರಸ್ತೆಯ ಸಿರಿಗಂಧ ಬಡಾವಣೆಯಲ್ಲಿದೆ. ಸೈಟು ಕೊಂಡಾಗ ಎದುರಿಗಿದ್ದದ್ದು ಎರಡು ಬಸ್ಸು ಎದುರಾದರೆ ಒಂದು ಮಣ್ಣಿಗೆ ಇಳಿಯಬೇಕಾದಂಥ ರಸ್ತೆ. ಅದು ನಾಲ್ಕು ಪಟ್ಟಿಯದಾಯಿತು, ನಡುವೆ ಡಿವೈಡರ್ ಬಂತು. ಸೈಟಿನ ಬೆಲೆ ಏರಿತೆಂದು ಬಡಾವಣೆಯವರು ಪೇಡೆ ಹಂಚಿದರು, ನಾನೂ ತಿಂದೆ. ಶಿವಮೊಗ್ಗದ ಕಡೆಗೆ ಹೋಗುವ ಬಸ್ಸು ಆಚೆ ಬದಿಗೆ ನಿಲ್ಲುತ್ತದೆ, ಅಲ್ಲಿಗೆ ಹೋಗಲು ದಾರಿಯೇ ಇಲ್ಲ ಎಂಬುದು ಪೇಡೆ ಕರಗಿದ ಮೇಲೆ ಗೊತ್ತಾಯಿತು. ಡಿವೈಡರ್‌ನಲ್ಲಿ ಒಂದು ಕಿಂಡಿ ಬಿಟ್ಟಿದ್ದರು, ಅಷ್ಟೇ. ಜೀಬ್ರಾ ಪಟ್ಟಿ ಇಲ್ಲ, ಹಂಪ್ ಇಲ್ಲ, ದೀಪವಿಲ್ಲ. ನಮ್ಮ ಬದಿಯ ಅರ್ಧ ಇಳಿಜಾರು. ಅಲ್ಲಿ ಟಿಪ್ಪರ್ ಬರುವಾಗ ಮೊದಲು ಕಾಲಡಿಯ ನೆಲ ಅದುರುತ್ತದೆ, ಆಮೇಲೆ ಹಾರ್ನು ಕೇಳುತ್ತದೆ, ಆಮೇಲೆ ಗಾಳಿ ಬಂದು ಬಡಿಯುತ್ತದೆ. ಒಂದು ದಿನ ಆ ಕಿಂಡಿಯಲ್ಲಿ ಇಪ್ಪತ್ತು ನಿಮಿಷ ನಿಂತಿದ್ದೆ. ಆಚೆಗೂ ಹೋಗಲಾರೆ, ಈಚೆಗೂ ಬರಲಾರೆ. ಪಂಚೆ ಕಾಲಿಗೆ ಸುತ್ತಿಕೊಂಡಿತ್ತು. ಐವತ್ತೆಂಟು ವರ್ಷದ ಗಂಡಸು ನಾನು, ಅಲ್ಲೇ ಅತ್ತುಬಿಟ್ಟೆ. ಅವತ್ತು ಕೈಹಿಡಿದು ದಾಟಿಸಿದವರು ಸತ್ಯಭಾಮಾ ಟೀಚರ್.

ಅವರು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ವಯಸ್ಸು ಐವತ್ತು ದಾಟಿದೆ. ಗಿಡ್ಡ ಆಳು, ಸೀರೆಯ ಕೆಳಗೆ ಕ್ಯಾನ್ವಾಸ್ ಶೂ, ಕತ್ತಿನಲ್ಲಿ ಮಂಗಳಸೂತ್ರದ ಜೊತೆಗೆ ಸೀಟಿ. ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ. ಒಂದು ಬದಿ ತಮಿಳರ ಮನೆ, ಇನ್ನೊಂದು ಬದಿ ತೆಲುಗರದು, ಹಾಗಾಗಿ ಮೂರು ಭಾಷೆಯಲ್ಲೂ ಜಗಳವಾಡಬಲ್ಲರು. ಅವರಪ್ಪ ಸೈಕಲ್ಲಿನಲ್ಲಿ ಪಾಳಿಗೆ ಹೋಗುತ್ತಿದ್ದರು. ಪಾಳಿ ಮುಗಿದು ಸೈರನ್ ಕೂಗಿದರೆ ಗೇಟಿನಿಂದ ಸಾವಿರಾರು ಸೈಕಲ್ಲು ಒಟ್ಟಿಗೆ ಹೊರಬೀಳುತ್ತಿದ್ದವಂತೆ, ಅಷ್ಟು ದೊಡ್ಡ ಲಾರಿಗಳು ಬದಿಗೆ ನಿಂತು ಕಾಯುತ್ತಿದ್ದವಂತೆ. ಒಬ್ಬನೇ ಹೋದರೆ ಲಾರಿ ನಿಲ್ಲುವುದಿಲ್ಲ, ಸಾಲಾಗಿ ಹೋದರೆ ನಿಲ್ಲುತ್ತದೆ ಎಂಬುದನ್ನು ಅವರು ಅಪ್ಪನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ಕಲಿತಿದ್ದರು.

ನನ್ನನ್ನು ದಾಟಿಸಿದ ಮರುದಿನವೇ ಅವರು ಮನೆಮನೆಗೆ ಹೋಗಿ ಹೇಳಿಬಂದರು. ಆಚೆ ಹೋಗುವವರೆಲ್ಲ ಬೆಳಿಗ್ಗೆ ಏಳೂ ನಲವತ್ತಕ್ಕೆ ಕಿಂಡಿಯ ಎದುರು ಇಬ್ಬಿಬ್ಬರಂತೆ ನಿಲ್ಲಬೇಕು. ವಯಸ್ಸಾದವರು ಮುಂದೆ, ಯಾಕೆಂದರೆ ಸಾಲಿನ ನಡಿಗೆ ಅವರ ನಡಿಗೆಯಷ್ಟೇ ಇರಬೇಕು. ಶಾಲೆ ಮಕ್ಕಳು ನಡುವೆ. ಸೈಕಲ್ಲಿನವರು ಕೆಳಗಿಳಿದು ತಳ್ಳಿಕೊಂಡು ಹಿಂದೆ. ಟೀಚರ್ ರಸ್ತೆಗೆ ಇಳಿದು ಕೈ ಅಡ್ಡ ಚಾಚಿ ಸೀಟಿ ಊದಿದರೆ ಸಾಲು ಹೊರಡಬೇಕು, ಯಾರೂ ಓಡಬಾರದು. ಮೊದಲ ವಾರ ಹನ್ನೊಂದು ಜನ ಇದ್ದೆವು, ಎರಡು ತಿಂಗಳಿಗೆ ನಲವತ್ತಾದೆವು. ಸಾಲಿನ ತಲೆಯಲ್ಲಿ ಸಿದ್ದಯ್ಯ ಇರುತ್ತಿದ್ದರು. ಅವರು ಟೀಚರ ಅಪ್ಪನ ಜೊತೆ ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಎಪ್ಪತ್ತೆರಡರಲ್ಲೂ ಹಳೆಯ ಸೈಕಲ್ಲು ಬಿಟ್ಟಿರಲಿಲ್ಲ. ಪ್ರತಿ ಆಯುಧಪೂಜೆಗೆ ಅದನ್ನು ತೊಳೆದು ತಂದು ನನ್ನಿಂದ ಹ್ಯಾಂಡಲ್ಲಿಗೆ ದಾರ ಕಟ್ಟಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಮಾತ್ರ ಸೈಕಲ್ಲು ಮನೆಯಲ್ಲಿಟ್ಟು, ಆಚೆ ಬದಿಯ ಹೋಟೆಲಿನಲ್ಲಿ ಪೇಪರ್ ಓದಿ ಚಹಾ ಕುಡಿಯಲು ನಡೆದೇ ಹೋಗುತ್ತಿದ್ದರು.

ಇದರಲ್ಲಿ ಒಂದು ಸಂಗತಿಯನ್ನು ನಾನು ಬಹಳ ದಿನ ಗಮನಿಸಿರಲಿಲ್ಲ. ಭದ್ರಾವತಿಗೆ ಹೋಗುವ ಬಸ್ಸು ನಿಲ್ಲುವುದು ನಮ್ಮದೇ ಬದಿಗೆ. ಅಂದರೆ ಬೆಳಿಗ್ಗೆ ಟೀಚರು ರಸ್ತೆ ದಾಟಬೇಕಾದ ಅಗತ್ಯವೇ ಇರಲಿಲ್ಲ. ನಮ್ಮನ್ನೆಲ್ಲ ಆಚೆಗೆ ಮುಟ್ಟಿಸಿ ಅವರು ಒಬ್ಬರೇ ವಾಪಸ್ ಬರುತ್ತಿದ್ದರು. ಒಂದು ದಿನ ಆಚೆಯ ಬಸ್‌ಸ್ಟಾಪಿನಿಂದ ನೋಡಿದೆ. ಕಿಂಡಿಯಲ್ಲಿ ನಿಂತ ಅವರ ಕಣ್ಣು ಮುಚ್ಚಿತ್ತು, ಬಾಯಲ್ಲಿ ಸೀಟಿ ಇತ್ತು, ಊದುತ್ತಿರಲಿಲ್ಲ. ಸಂಜೆ ಕೇಳಿದೆ, ನಿಮಗೂ ಹೆದರಿಕೆಯೇ ಎಂದು.

“ಇಲ್ಲ ಅಂತ ಯಾರು ಹೇಳಿದ್ರು ಭಟ್ರೇ? ಕವನಾ ಸೈಕಲ್ ರಸ್ತೇಲಿ ಬಿದ್ದಿರೋದು, ಚಕ್ರ ಇನ್ನೂ ತಿರುಗ್ತಾ ಇರೋದು ದಿನಾ ಕನಸಿಗೆ ಬರುತ್ತೆ. ಸೀಟಿ ಕಚ್ಕೊಂಡಿರದೇ ಹೋದ್ರೆ ನನ್ನ ಹಲ್ಲು ಕಟಕಟ ಅನ್ನುತ್ತೆ” ಎಂದು ಸೀಟಿ ತೋರಿಸಿದರು. ಅದರ ಮೇಲೆ ಹಲ್ಲಿನ ಗುರುತುಗಳಿದ್ದವು. ಕವನಾ ಅವರ ಒಬ್ಬಳೇ ಮಗಳು. ನವುಲೆಯ ಕೃಷಿ ಕಾಲೇಜಿಗೆ ದಿನಾ ಸೈಕಲ್ಲಿನಲ್ಲೇ ಹೋಗುತ್ತಿದ್ದಳು. ಅವಳು ತಲುಪಿ ಫೋನ್ ಮಾಡುವವರೆಗೆ ಟೀಚರಿಗೆ ಬಸ್ಸಿನಲ್ಲಿ ಕೂತರೂ ಜೀವ ಇಲ್ಲೇ ಇರುತ್ತಿತ್ತು.

ಸಾಲಿನ ಜೊತೆಗೆ ಹೋರಾಟವೂ ಶುರುವಾಯಿತು. ಭದ್ರಾವತಿಯಿಂದ ಸಂಜೆ ಬರುವ ಖಾಸಗಿ ಬಸ್ಸಿನವನು ನಮ್ಮ ಸ್ಟಾಪಿನಲ್ಲಿ ನಿಲ್ಲಿಸದೆ ಒಂದು ಕಿಲೋಮೀಟರ್ ಮುಂದೆ ಇಳಿಸುತ್ತಿದ್ದ. ಟೀಚರ್ ಬಡಾವಣೆಯ ಹೆಂಗಸರನ್ನೆಲ್ಲ ಒಪ್ಪಿಸಿ ಒಂದು ವಾರ ಅವನ ಹಿಂದೆ ಬರುವ ಬಸ್ಸಿಗೇ ಹತ್ತಿಸಿದರು. ಎಂಟನೆಯ ದಿನ ಕಂಡಕ್ಟರ್ ತಾನೇ ಇಳಿದು ಬಾಗಿಲು ಹಿಡಿದು ಕರೆದ. ಆ ಗೆಲುವಿನಲ್ಲಿ ನಮಗೆ ತಲೆ ತಿರುಗಿತು. ಹಂಪ್ ಬೇಕು, ಜೀಬ್ರಾ ಪಟ್ಟಿ ಬೇಕು, ದೀಪ ಬೇಕು, ಸೈಕಲ್ಲಿಗೆ ಅಂಚಿನಲ್ಲಿ ಜಾಗ ಬೇಕು ಎಂದು ಅರ್ಜಿ ಬರೆದೆವು. ಬರೆದವನು ನಾನೇ, ಅಕ್ಷರ ದುಂಡಗಿದೆ ಎಂದು. ಒಂದು ಕಚೇರಿಯಲ್ಲಿ ರಸ್ತೆ ನಮ್ಮದಲ್ಲ ಎಂದರು. ಇನ್ನೊಂದರಲ್ಲಿ ರಸ್ತೆ ನಮ್ಮದು, ಬಡಾವಣೆ ನಮ್ಮದಲ್ಲ ಎಂದರು. ನಾಲ್ಕನೆಯ ಸಲ ಒಬ್ಬ ಸಾಹೇಬರು ಕೂರಿಸಿ ಕಾಫಿ ತರಿಸಿ, ಕಡತ ತಿರುವಿ, ಬಹಳ ಸೌಜನ್ಯದಿಂದ ವಿಷಯ ತಿಳಿಸಿದರು.

“ಅಪಘಾತದ ಜಾಗ ಅಂತ ಪಟ್ಟಿಗೆ ಸೇರಿಸೋಕೆ ದಾಖಲೆ ಬೇಕಾಗುತ್ತೆ ಮೇಡಂ. ನಿಮ್ಮಲ್ಲಿ ಇನ್ನೂ ಯಾರಿಗೂ ಏನೂ ಆಗಿಲ್ವಲ್ಲ.”

ಆ ಮನುಷ್ಯ ಕೆಟ್ಟವನಲ್ಲ. ನಿಯಮ ಇದ್ದದ್ದನ್ನು ಹೇಳಿದ. ಆದರೆ ಆ ಮಾತು ನಮ್ಮ ಜೊತೆ ಬಡಾವಣೆಗೆ ಬಂತು, ಸಾಲಿನಲ್ಲಿ ನಿಂತಿತು. ಮರುದಿನ ಬೆಳಿಗ್ಗೆ ನಾನು ಎದುರಿಗಿದ್ದವರ ಬೆನ್ನುಗಳನ್ನು ನೋಡುತ್ತ, ಯಾರಿರಬಹುದು ಎಂದು ಯೋಚಿಸುತ್ತಿದ್ದೆ. ಚೀಲ ಹೊತ್ತ ಆ ಎರಡನೇ ಕ್ಲಾಸಿನ ಮಗುವೇ, ಕಿವಿ ಕೇಳದ ಹೂವಿನಜ್ಜಿಯೇ, ನಾನೇ? ಪಕ್ಕದವರೂ ನನ್ನನ್ನು ನೋಡಿ ಅದನ್ನೇ ಎಣಿಸುತ್ತಿದ್ದಾರೆಂದು ಅನ್ನಿಸಿ ಬೆವರಿದೆ. ಟೀಚರಂತೂ ಅವತ್ತಿನಿಂದ ಕವನಾಳನ್ನು ಸಾಲಿನ ಕೊನೆಯಿಂದ ತಂದು ತನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡರು.

ದಸರೆಗೆ ಮೊದಲಿನ ಅಮಾವಾಸ್ಯೆಯ ಮರುದಿನ ಯಾರೋ ದೃಷ್ಟಿ ತೆಗೆದ ನಿಂಬೆಹಣ್ಣನ್ನು ಕುಂಕುಮದ ಸಮೇತ ರಸ್ತೆಯ ಮೇಲೆ ಬಿಟ್ಟುಹೋಗಿದ್ದರು. ಕಿಂಡಿಗೆ ಮೂವತ್ತು ಹೆಜ್ಜೆ ಮೇಲಕ್ಕೆ, ಇಳಿಜಾರಿನಲ್ಲಿ, ನಮ್ಮ ಅಂಚಿಗೆ ಹತ್ತಿರದ ಪಟ್ಟಿಯಲ್ಲಿ ಅದು ಬಿದ್ದಿತ್ತು. ಸೀಟಿಗೆ ಬಗ್ಗದ ಟಿಪ್ಪರ್‌ಗಳು ಅದನ್ನು ಕಂಡು ಬ್ರೇಕ್ ಹಾಕುತ್ತಿದ್ದವು. ಕಾರುಗಳು ನಿಧಾನ ಮಾಡಿ ಡಿವೈಡರ್ ಕಡೆಗೆ ಸರಿದು, ನಮ್ಮಿಂದ ದೂರವಾಗಿ, ಮೆಲ್ಲಗೆ ಹೋಗುತ್ತಿದ್ದವು. ನಾವು ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಷ್ಟು ನಿರಾಳವಾಗಿ ದಾಟಿದೆವು. ಟೀಚರ್ ನಿಂತು ಬಹಳ ಹೊತ್ತು ಆ ಹಣ್ಣನ್ನು ನೋಡಿದರು. ಸಂಜೆ ನಮ್ಮ ಮನೆಗೆ ಬಂದು, ದಿನಾ ಒಂದು ಇಟ್ಟರೆ ಹೇಗೆ ಎಂದರು.

ನಾನು ಉರಿದುಬಿದ್ದೆ. ಶಾಸ್ತ್ರವೇನು, ಸಂಪ್ರದಾಯವೇನು, ನನ್ನ ವೃತ್ತಿಯ ಮರ್ಯಾದೆಯೇನು ಎಂದು ಅರ್ಧ ಗಂಟೆ ಹರಿಕಥೆ ಮಾಡಿದೆ. ನಿಜಕ್ಕೂ ಇದ್ದದ್ದು ಸಿಕ್ಕಿಬೀಳುವ ಹೆದರಿಕೆ. ಟೀಚರ್ ಪೂರ್ತಿ ಕೇಳಿಸಿಕೊಂಡರು.

“ನೀವು ಗುಡಿ ಮುಂದೆ ನಾಲ್ಕು ಹಣ್ಣು ಚಕ್ರಕ್ಕೆ ಕೊಟ್ಟು ಹರಿಸ್ತೀರಿ. ಅದೇ ಜನ ರಸ್ತೇಲಿ ಒಂದು ಕಂಡ್ರೆ ನಡುಗ್ತಾರೆ. ಆ ಹೆದರಿಕೆ ಎಲ್ಲಿಂದ ಬಂತು ಅಂತ ನಾನು ಕೇಳಲ್ಲ ಭಟ್ರೇ. ಯಾರಾದ್ರೂ ಸಾಯೋವರೆಗೆ ಕಾಯೋದಕ್ಕಿಂತ ಇದು ವಾಸಿ ಅಂತೀನಿ ಅಷ್ಟೇ.”

ಸಂಜೆ ಹೊತ್ತು ಬಾಳೆ ಎಲೆಯ ತುಂಡಿನ ಮೇಲೆ ಕುಂಕುಮ ಮೆತ್ತಿದ ಹಣ್ಣಿಟ್ಟು, ಟಿಪ್ಪರ್ ಗಾಳಿಗೆ ಹಾರದಂತೆ ಎರಡನ್ನೂ ಸೇರಿಸಿ ಕಪ್ಪು ದಾರ ಬಿಗಿದು ಕೊಡುವುದು ನನ್ನ ಕೆಲಸವಾಯಿತು. ಬೆಳಿಗ್ಗೆ ಐದೂವರೆಗೆ ವ್ಯಾಯಾಮದ ನಡಿಗೆಗೆ ಹೊರಟ ಟೀಚರ್ ಅದನ್ನು ಅದೇ ಜಾಗದಲ್ಲಿ, ನಮ್ಮ ಅಂಚಿನ ಪಟ್ಟಿಯಲ್ಲಿ ಇಡುತ್ತಿದ್ದರು. ಜಾಗದ ಬಗ್ಗೆ ಅವರು ಕಟ್ಟುನಿಟ್ಟು. ಡಿವೈಡರ್ ಬದಿಗೆ ಇಟ್ಟರೆ ಗಾಡಿಗಳು ನಮ್ಮ ಮೇಲೆ ಸರಿಯುತ್ತವೆ ಎಂದು ನನಗೆ ಹತ್ತು ಸಲವಾದರೂ ಹೇಳಿದ್ದರು. ಒಂದು ತಿಂಗಳು ಹೀಗೆ ನಡೆಯಿತು.

ಗಾಡಿಗಳು ನಿಧಾನವಾದವು. ಆದರೆ ಬಡಾವಣೆಗೆ ಬೇರೆ ಜ್ವರ ಹತ್ತಿತು. ಯಾರೋ ನಮ್ಮ ಮೇಲೆ ಮಾಟ ಮಾಡುತ್ತಿದ್ದಾರೆ ಎಂಬ ಸುದ್ದಿ ಮನೆಮನೆ ಸುತ್ತಿತು. ಒಬ್ಬರ ಮಗುವಿಗೆ ವಾಂತಿಯಾದರೆ ಅದರಿಂದ, ಇನ್ನೊಬ್ಬರ ಬಾವಿ ಬತ್ತಿದರೆ ಅದರಿಂದ. ಪರಿಹಾರ ಕೇಳಿಕೊಂಡು ಎಲ್ಲಿಗೆ ಬರುತ್ತಾರೆ? ನನ್ನ ಹತ್ತಿರವೇ. ನಾನೇ ಕಟ್ಟಿದ ಹಣ್ಣಿನ ದೋಷ ಕಳೆಯಲೆಂದು ನಾನೇ ಶಾಂತಿಪೂಜೆಗೆ ಕೂತೆ. ಹೋಮದ ಹೊಗೆಗೆ ಕಣ್ಣುರಿದು ನೀರು ಬಂದರೆ ಭಟ್ಟರಿಗೆ ಎಷ್ಟು ಭಕ್ತಿ ಎಂದರು. ನನ್ನ ಹೆಂಡತಿ ಸೀತಾ ಮಾತ್ರ, ದಿನಕ್ಕೊಂದು ಹಣ್ಣು ಎಲ್ಲಿಗೆ ಹೋಗುತ್ತಿದೆ ಎಂದು ಎರಡು ಸಲ ಕೇಳಿ ಸುಮ್ಮನಾದಳು. ಅವಳ ಸುಮ್ಮನಿರುವಿಕೆಗೂ ನಾನು ಹೆದರತೊಡಗಿದೆ.

ಕಾರ್ತಿಕ ಮಾಸದ ಒಂದು ಗುರುವಾರ ಟೀಚರ ಶಾಲೆಯಲ್ಲಿ ಕ್ರೀಡಾಕೂಟವಿತ್ತು. ಅವರು ಬೆಳಿಗ್ಗೆ ಐದಕ್ಕೇ ಭದ್ರಾವತಿಗೆ ಹೊರಡಬೇಕಿತ್ತು. ಸೀಟಿಯನ್ನು ಕವನಾಳ ಕೈಗೆ ಕೊಟ್ಟರು. ಹಣ್ಣು ಇಡುವ ಕೆಲಸವನ್ನು ನನಗೆ ಹೇಳಿದರು, ಎರಡೇ ಹೆಜ್ಜೆ ಭಟ್ರೇ ಎಂದರು.

ಐದೂವರೆಗೆ ಹೋದೆ. ಮಂಜು ದಟ್ಟವಾಗಿ ಕವಿದಿತ್ತು. ರಸ್ತೆಯ ಅಂಚಿನಲ್ಲಿ ನಿಂತರೆ ಆಚೆಯ ಅಂಚು ಕಾಣುತ್ತಿರಲಿಲ್ಲ. ಒಂದು ಕಾಲು ಡಾಂಬರಿನ ಮೇಲೆ ಇಟ್ಟೆ, ಇನ್ನೊಂದು ಬರಲಿಲ್ಲ. ನೆಲ ಅದುರುತ್ತಿದೆ ಅನ್ನಿಸಿತು. ಕಾಲು ಹಿಂದೆಗೆದೆ. ಮತ್ತೆ ಇಟ್ಟೆ, ಮತ್ತೆ ಅದುರಿತು. ಅದು ರಸ್ತೆಯೋ ನನ್ನ ಮಂಡಿಯೋ ಈಗಲೂ ಹೇಳಲಾರೆ. ಮಂಜಿನೊಳಗೆ ಎರಡು ದೀಪ ಕಂಡ ಕೂಡಲೇ ನಿಂತಲ್ಲಿಂದಲೇ ಪೊಟ್ಟಣವನ್ನು ಎಸೆದುಬಿಟ್ಟೆ. ಅದು ಬೀಳಬೇಕಾದಲ್ಲಿ ಬೀಳಲಿಲ್ಲ. ಪುಟಿದು ಉರುಳಿ ಡಿವೈಡರ್ ಬದಿಯ ಪಟ್ಟಿಯಲ್ಲಿ ನಿಂತಿತು. ಟಿಪ್ಪರ್ ಹಾದುಹೋಯಿತು. ಹೋಗಿ ಅದನ್ನು ಎತ್ತಿಕೊಂಡು ಸರಿಯಾದ ಕಡೆ ಇಡಲು ಆರು ಹೆಜ್ಜೆ ನಡೆಯಬೇಕಿತ್ತು. ನಾನು ಮನೆಗೆ ಬಂದು ಸ್ನಾನಕ್ಕೆ ನೀರು ಕಾಯಿಸಿದೆ.

ಏಳೂ ನಲವತ್ತಕ್ಕೆ ಸಾಲು ನಿಂತಿತ್ತು. ಮಂಜು ಅರ್ಧ ಕರಗಿತ್ತು. ನಾನು ಮೂರನೆಯ ಜೋಡಿಯಲ್ಲಿದ್ದೆ. ಕವನಾ ಅಂಚಿನಲ್ಲಿ ಕೈ ಚಾಚಿ ನಿಂತಿದ್ದಳು, ಅವಳ ಹಿಂದೆ ಒಂದು ಮೊಳ ದೂರದಲ್ಲಿ ಸಿದ್ದಯ್ಯ. ಇಳಿಜಾರಿನಿಂದ ಒಂದು ಬೈಕು ಬಂತು. ಡಿವೈಡರ್ ಬದಿಯಲ್ಲೇ ಬರುತ್ತಿತ್ತು. ಅದರ ಸವಾರ ಹಣ್ಣು ನೋಡಿದ್ದನ್ನು ನಾನು ನೋಡಿದೆ. ಮೈ ಸೆಟೆದು, ಹ್ಯಾಂಡಲ್ ಒಮ್ಮೆಲೆ ನಮ್ಮ ಕಡೆಗೆ ತಿರುಗಿತು. ಒದ್ದೆ ಡಾಂಬರಿನ ಮೇಲೆ ಬೈಕು ಮಲಗಿ ಜಾರುತ್ತ ಬಂತು. ಕವನಾಳ ದುಪಟ್ಟಾ ಹರಿದುಕೊಂಡು ಅವಳ ಪಕ್ಕದಲ್ಲೇ ಹಾದು ಸಿದ್ದಯ್ಯನ ಕಾಲಿಗೆ ಬಡಿಯಿತು. ಒಂದು ಒಣಗಿದ ಕೊಂಬೆ ಮುರಿದಂತೆ ಸದ್ದಾಯಿತು.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ಎಲೆಯ ಪೊಟ್ಟಣ ಬೈಕಿನ ಸ್ಟ್ಯಾಂಡಿಗೆ ಸಿಕ್ಕಿ ಎಳೆದುಕೊಂಡು ಬಂದಿತ್ತು. ಸಿದ್ದಯ್ಯನ ಮುಖದ ಪಕ್ಕದಲ್ಲಿ ಬಿದ್ದಿತ್ತು. ಎಲ್ಲರೂ ಕೂಗುತ್ತ ಮುದುಕನ ಕಡೆ ಓಡಿದರು. ನಾನೂ ಓಡಿದೆ, ಬಗ್ಗಿದೆ. ಮೊದಲು ಎತ್ತಿಕೊಂಡದ್ದು ಆ ಪೊಟ್ಟಣವನ್ನು. ಪಂಚೆಯ ಮಡಿಲಿಗೆ ಸೇರಿಸಿದ ಮೇಲೆ ಸಿದ್ದಯ್ಯನ ತಲೆ ಹಿಡಿದೆ.

ಅವರ ಸೊಂಟದ ಮೂಳೆ ಮುರಿದಿತ್ತು. ಬೈಕಿನ ಸವಾರನ ಹೆಸರು ಅತುಲ್, ಭದ್ರಾವತಿಯ ಒಂದು ಮೊಬೈಲ್ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದವನು. ಅವನ ಮೊಣಕೈ ಒಡೆದಿತ್ತು. ರಸ್ತೆಯಲ್ಲಿ ನಿಂಬೆಹಣ್ಣು ಇತ್ತು, ಅದನ್ನು ತಪ್ಪಿಸಲು ಹೋದೆ ಎಂದು ಅವನು ಬಂದವರಿಗೆಲ್ಲ ಹೇಳಿದ. ಪೊಲೀಸರು ಬಂದು ಹುಡುಕಿದರು. ಅಲ್ಲಿ ಹಣ್ಣು ಎಲ್ಲಿಂದ ಇರುತ್ತದೆ, ಅದು ನನ್ನ ಮಡಿಲಿನಲ್ಲಿತ್ತು. ದಿನಾ ಕಾಣುತ್ತಿದ್ದ ಅಂಚಿನ ಪಟ್ಟಿಯಲ್ಲಿ ಅವತ್ತು ಹಣ್ಣು ಇಲ್ಲದ್ದನ್ನು ಎಲ್ಲರೂ ನೋಡಿದ್ದರು. ಫೋನ್ ನೋಡಿಕೊಂಡು ಓಡಿಸಿ ಈಗ ಕಥೆ ಕಟ್ಟುತ್ತಿದ್ದಾನೆ ಎಂದು ಸಾಲಿನಲ್ಲಿದ್ದವರೇ ಅವನ ಮೇಲೆ ಹರಿಹಾಯ್ದರು. ಅವನ ಮೇಲೆ ಕೇಸಾಯಿತು.

ಸಂಜೆ ಟೀಚರ್ ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬಂದರು. ಹಿತ್ತಲಿನಲ್ಲಿ ನಿಲ್ಲಿಸಿಕೊಂಡು ಎಲ್ಲವನ್ನೂ ಹೇಳಿ ಪೊಟ್ಟಣ ತೋರಿಸಿದೆ. ಅವರು ಬೈಯಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಕವನಾಳ ಹರಿದ ದುಪಟ್ಟಾವನ್ನು ಬ್ಯಾಗಿನಿಂದ ತೆಗೆದು ಮಡಿಸಿ ಮತ್ತೆ ಒಳಗಿಟ್ಟರು. ನಾನು ಕೈಮುಗಿದು ಕೇಳಿಕೊಂಡೆ. ಈಗ ದಾಖಲೆ ಸಿಕ್ಕಿದೆ, ಸಾಹೇಬರು ಕೇಳಿದ್ದು ಇದನ್ನೇ. ನಾವು ಬಾಯಿ ಬಿಟ್ಟರೆ ತಪ್ಪು ರಸ್ತೆಯದಲ್ಲ, ನಿಂಬೆಹಣ್ಣಿನದು ಎಂದಾಗುತ್ತದೆ, ಹಂಪ್ ಬರುವುದಿಲ್ಲ. ನನ್ನನ್ನು ಗುಡಿಯಿಂದ ಓಡಿಸುತ್ತಾರೆ. ಆ ಹುಡುಗನದೇನು, ದಂ‌ಡ ಕಟ್ಟಿದರೆ ಮುಗಿಯುತ್ತದೆ. ಇಷ್ಟೆಲ್ಲ ಹೇಳಿದೆ. ಅವರು ಎದ್ದು ನಿಂತು, ಸಿದ್ದಯ್ಯನವರಿಗೆ ರಾತ್ರಿ ಗಂಜಿ ಒಯ್ಯಬೇಕು ಎಂದು ಹೊರಟುಹೋದರು.

ಸ್ಥಳ ಪರಿಶೀಲನೆಗೆ ಸಾಹೇಬರು ಮುಂದಿನ ಬುಧವಾರ ಬಂದರು. ಟೇಪು ಹಿಡಿದು ಅಳೆದರು, ಫೋಟೋ ತೆಗೆದರು. ಬಡಾವಣೆಯವರೆಲ್ಲ ಸೇರಿದ್ದರು. ಅತುಲ್ ಕೈಗೆ ಪಟ್ಟಿ ಹಾಕಿಕೊಂಡು ತಾಯಿಯ ಜೊತೆ ದೂರ ನಿಂತಿದ್ದ, ಪೊಲೀಸರು ಕರೆಸಿದ್ದರು. ಇನ್ನು ತೊಂದರೆಯಿಲ್ಲ, ದಾಖಲೆ ಇದೆ, ತಿಂಗಳೊಳಗೆ ಎರಡು ಹಂಪ್ ಹಾಕಿಸಿ ಪಟ್ಟಿ ಬಳಿಸುತ್ತೇನೆ ಎಂದು ಸಾಹೇಬರು ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಂಗೈ ಒದ್ದೆಯಾಗಿತ್ತು, ಸದ್ದು ಬರಲಿಲ್ಲ. ಆಮೇಲೆ ಅವರು ಅತುಲ್‌ನ ಕಡೆ ತಿರುಗಿ, ಇನ್ನೂ ನಿಂಬೆಹಣ್ಣಿನ ಕಥೆಯನ್ನೇ ಹೇಳುತ್ತೀಯೇನಪ್ಪ ಎಂದರು. ಎಲ್ಲರೂ ನಕ್ಕರು. ಹುಡುಗ ತಲೆ ತಗ್ಗಿಸಿದ. ಅವನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಟೀಚರ್ ಮುಂದೆ ಬಂದರು. ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು.

“ಹಣ್ಣು ಇತ್ತು ಸಾರ್. ಇಟ್ಟಿದ್ದು ನಾನು. ಗಾಡಿ ನಿಧಾನ ಆಗ್ಲಿ ಅಂತ ಒಂದು ತಿಂಗಳಿಂದ ದಿನಾ ಇಡ್ತಾ ಇದ್ದೆ.”

ಯಾರೋ ಹಿಂದಿನಿಂದ, ಅವತ್ತು ನೀವು ಊರಲ್ಲೇ ಇರಲಿಲ್ಲವಲ್ಲ ಎಂದರು. ಟೀಚರ್ ಆ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ.

“ಹೊರಡೋಕೆ ಮುಂಚೆ ನಾನೇ ಇಟ್ಟು ಹೋದೆ. ಗಡಿಬಿಡೀಲಿ ತಪ್ಪು ಕಡೆ ಇಟ್ಬಿಟ್ಟೆ. ಈ ಹುಡುಗಂದು ತಪ್ಪಿಲ್ಲ.”

ನನ್ನ ಬಾಯಿ ತೆರೆಯಿತು. ದೇವರಾಣೆಗೂ ತೆರೆಯಿತು. ಅದರೊಳಗಿಂದ ಮಾತು ಮಾತ್ರ ಬರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಕವನಾ ನನ್ನನ್ನೇ ನೋಡುತ್ತಿದ್ದಳು. ಅಮ್ಮ ಬರಿಗೈಯಲ್ಲಿ ಹೊರಟದ್ದನ್ನು ಅವಳು ನೋಡಿದ್ದಳು. ಸಾಹೇಬರು ಕಡತ ಮುಚ್ಚಿ ಜೀಪು ಹತ್ತಿದರು.

ಕೇಸಿನಿಂದ ಅತುಲ್ ಪಾರಾದ. ಟೀಚರಿಗೆ ಠಾಣೆಗೆ ನಾಲ್ಕು ಸಲ ಅಲೆದಾಟ, ಶಾಲೆಯಿಂದ ನೋಟಿಸು, ಮಕ್ಕಳೆದುರಿಗೆ ಅವಮಾನ. ನಮ್ಮ ಅರ್ಜಿ ವಾಪಸ್ ಬಂತು. ಅಪಘಾತಕ್ಕೆ ನಿವಾಸಿಗಳೇ ಕಾರಣ ಎಂದು ಷರಾ ಬರೆದಿದ್ದರು. ಬಡಾವಣೆಯವರು ಟೀಚರ ಮನೆಯ ಮುಂದೆ ಚಪ್ಪಲಿ ಎಸೆದರು. ಮಕ್ಕಳು ಅವರನ್ನು ಕಂಡರೆ ಮಾಟಗಾತಿ ಎಂದು ಓಡಿದರು. ಬಡಾವಣೆಯ ಸಭೆಯಲ್ಲಿ ಒಬ್ಬರು, ನಮ್ಮ ಭಟ್ಟರು ಶಾಂತಿ ಮಾಡಿಸಿದ್ದಕ್ಕೆ ಇಷ್ಟರಲ್ಲೇ ಹೋಯಿತು ಎಂದು ನನಗೆ ಶಾಲು ಹೊದಿಸಿದರು. ಹೊದ್ದುಕೊಂಡೆ. ಮನೆಗೆ ಬಂದ ಮೇಲೆ ಸೀತಾ ಅದನ್ನು ಮುಟ್ಟಲಿಲ್ಲ.

ಟೀಚರ್ ಮಾತ್ರ ಏಳೂ ನಲವತ್ತಕ್ಕೆ ಬಂದು ನಿಲ್ಲುವುದನ್ನು ಬಿಡಲಿಲ್ಲ. ಸಾಲಿನಲ್ಲಿ ಈಗ ಆರು ಜನ, ಏಳು ಜನ. ಉಳಿದವರು ದೂರ ದೂರದಲ್ಲಿ ಒಬ್ಬೊಬ್ಬರೇ ಓಡಿ ದಾಟುತ್ತಿದ್ದರು. ಪ್ರತಿ ಸಲ ಯಾರಾದರೂ ಓಡಿದಾಗ ಟೀಚರ್ ಸೀಟಿ ಕಚ್ಚುವ ಸದ್ದು ನನಗೆ ಕೇಳುತ್ತಿತ್ತು. ಹೌದು, ನಾನು ಸಾಲು ಬಿಡಲಿಲ್ಲ. ಪಶ್ಚಾತ್ತಾಪದಿಂದಲ್ಲ, ಒಬ್ಬನೇ ದಾಟುವ ಧೈರ್ಯವಿಲ್ಲದೆ. ಅವರು ಒಂದು ದಿನವೂ ನನ್ನನ್ನು ಏನೂ ಕೇಳಲಿಲ್ಲ. ಬನ್ನಿ ಭಟ್ರೇ, ನಿಲ್ಲಿ ಭಟ್ರೇ, ನಡೀರಿ ಭಟ್ರೇ, ಇಷ್ಟೇ. ಕೇಳಿದ್ದರೆ ವಾಸಿಯಿತ್ತು. ರಸ್ತೆಯ ಭಯದ ಮೇಲೆ ನನಗೆ ಈಗ ಇನ್ನೊಂದು ಭಯ ಸೇರಿತ್ತು. ಸಿದ್ದಯ್ಯನ ಮುಖ ನೋಡಲಾರದೆ, ಅವರು ಎದ್ದು ಓಡಾಡುವ ದಿನ ಬರಬಾರದು ಎಂದು ಗುಡಿಯಲ್ಲಿ ನಿಂತು ಬಯಸಿದವನು ನಾನು.

ಶಿವರಾತ್ರಿ ಕಳೆದ ವಾರ ಆ ದಿನ ಬಂತು. ಸಿದ್ದಯ್ಯ ವಾಕರ್ ಊರಿಕೊಂಡು ಸಾಲಿನ ತಲೆಗೆ ಬಂದು ನಿಂತರು. ಆಚೆ ಹೋಗಿ ಚಹಾ ಕುಡಿಯಬೇಕಂತೆ. ಟೀಚರ್ ಅವರ ಪಾದಕ್ಕೆ ಬಗ್ಗಿದರೆ, ಏಳಮ್ಮ ಭಾಮಾ, ಟಿಪ್ಪರ್ ಬರೋದ್ರೊಳಗೆ ದಾಟ್ಸು ಎಂದರು. ಆಮೇಲೆ ನನ್ನ ಕಡೆ ತಿರುಗಿ, ಭಟ್ರೇ, ಈ ಕಡೆ ತೋಳು ಹಿಡ್ಕೊಳ್ಳಿ ಎಂದರು.

ಟೀಚರ್ ರಸ್ತೆಗಿಳಿದು ಸೀಟಿ ಊದಿದರು. ನಾವು ಹೊರಟೆವು. ವಾಕರ್ ಎತ್ತಿ ಇಡುವುದು, ಒಂದು ಹೆಜ್ಜೆ, ಮತ್ತೆ ಎತ್ತಿ ಇಡುವುದು. ಅಷ್ಟು ನಿಧಾನವಾಗಿ ನಾನು ಆ ರಸ್ತೆಯ ಮೇಲೆ ಎಂದೂ ನಡೆದಿರಲಿಲ್ಲ. ನೆಲ ಅದುರತೊಡಗಿತು. ಓಡು ಎಂದು ಮೈಯೆಲ್ಲ ಕೂಗುತ್ತಿತ್ತು, ತೋಳು ಬಿಡುವಂತಿರಲಿಲ್ಲ. ಟೀಚರ್ ಕೈ ಚಾಚಿ ನಿಂತೇ ಇದ್ದರು. ಟಿಪ್ಪರ್ ಅವರ ಅಂಗೈಗೆ ಎರಡು ಮಾರು ದೂರದಲ್ಲಿ ಬುಸುಗುಟ್ಟಿ ನಿಂತಿತು. ಅದರ ಮುಂದೆ ನಾನೇ ಕಟ್ಟಿದ ನಿಂಬೆಹಣ್ಣು ತೂಗುತ್ತಿತ್ತು. ಕಿಂಡಿ ಮುಟ್ಟಿ ಸಿದ್ದಯ್ಯ ಉಸಿರು ತೆಗೆದುಕೊಳ್ಳಲು ನಿಂತಾಗ ನನ್ನ ಬಾಯಿಂದ ಮಾತು ತಾನಾಗಿ ಬಂತು. ಅವತ್ತಿನ ಹಣ್ಣು ಎಸೆದವನು ನಾನು, ಟೀಚರ್ ಅಲ್ಲ ಎಂದೆ. ಎಲ್ಲರಿಗೂ ಕೇಳಿಸಿತು.

ಸಿದ್ದಯ್ಯ ನನ್ನ ಕಡೆ ನೋಡದೆ ಟಿಪ್ಪರ್ ಕಡೆಗೇ ನೋಡುತ್ತಿದ್ದರು.

“ಗೊತ್ತು ಮಾರಾಯ್ರೇ. ಕಣ್ಣೆದುರಿಗೇ ಬಿದ್ದಿತ್ತಲ್ಲ. ನನ್ನ ಸೈಕಲ್ ಹ್ಯಾಂಡಲ್ಲಿಗೆ ಕಟ್ಟಿದ್ದೀರಲ್ಲ, ಅದೇ ಗಂಟು. ಇದೆಲ್ಲಿಂದ ಬಂತು ಅಂತ ನೋಡ್ತಾ ಇದ್ದೆ, ಅಷ್ಟರಲ್ಲಿ ನಿಮ್ಮ ಕೈ ಬಂತು. ನನ್ನನ್ನ ಎತ್ತೋಕೆ ಬಂತು ಅಂದ್ಕೊಂಡೆ.”

ಸುಮಾರು ನಾಲ್ಕು ತಿಂಗಳು ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ಅವರೇ ಹೇಳಿದರು, ನೀವೇ ಹೇಳ್ತೀರೇನೋ ಅಂತ ಕಾದೆ ಎಂದು.

ಟೀಚರ್ ನಮ್ಮ ಮುಂದೆ ಬಂದು ನಿಂತರು. ಕಣ್ಣು ಒದ್ದೆಯಾಗಿತ್ತು. ಅದು ನನಗಾಗಿಯೋ, ಟಿಪ್ಪರ್‌ಗೆ ಹೆದರಿಯೋ ತಿಳಿಯಲಿಲ್ಲ. ಆಚೆ ಅರ್ಧದಲ್ಲಿ ಒಂದು ಬಸ್ಸು ದೀಪ ಮಿಟುಕಿಸುತ್ತ ಜೋರಾಗಿ ಬರುತ್ತಿತ್ತು. ಅವರು ಸೀಟಿಯನ್ನು ಕತ್ತಿನಿಂದ ತೆಗೆದು ನನ್ನ ಕೈಗೆ ಕೊಟ್ಟರು. ಅದು ಬೆಚ್ಚಗಿತ್ತು, ಹಲ್ಲಿನ ಗುರುತುಗಳು ಬೆರಳಿಗೆ ತಾಗಿದವು.

“ಈ ಕಡೆ ನೀವು ಇಳೀರಿ ಭಟ್ರೇ. ಎರಡೇ ಹೆಜ್ಜೆ” ಎಂದರು.

ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಸೀಟಿಯನ್ನು ಕಚ್ಚಿಕೊಂಡು ಇಳಿದೆ.